ಉಸಿರಿನ ಜಾಗ

ಮೈಕಿನಿಂದ ಗೇಣುದ್ದ ಹಿಂದಕ್ಕ ಸರಿದು
ಮಾರಿ ಎಡಕ್ಕ ಹೊಳ್ಳಿಸಿ
ಉಸಿರು ತಗೋತಿದ್ದಳು ಹುಸೇನಮ್ಮ.
ಹನ್ನೊಂದು ವರ್ಷದಿಂದ ನನಗದು ಗೊತ್ತು,
ಯಾಕಂದ್ರ ಆ ಹೊತ್ತಿಗೆ ಸರಿಯಾಗಿ
ನಾ ಗುಂಡಿ ಅರ್ಧ ಇಳಸತಿದ್ದೆ,
ಅಕಿ ಹೊಳ್ಳಿ ಬರೂದರಾಗ ಏರಸತಿದ್ದೆ.
ಮಂದಿಗೆ ಪದ ಕೇಳತಿತ್ತು.
ಉಸಿರು ನನ್ನ ಬೆರಳಿಗೆ ಅಷ್ಟ.

ಮೈಲಾರಲಿಂಗ ಸೌಂಡ್ಸ್, ಸಿಂಧನೂರು:
ಎರಡು ಹಾರ್ನು, ನಾಕು ಬಾಕ್ಸು, ಒಂದು ಟಂಟಂ.
ಮಸ್ಕಿಯ ಮದುವಿ, ತುರ್ವಿಹಾಳದ ಜವಳ,
ಕಾರಟಗಿ ಅಕ್ಕಿಮಿಲ್ಲಿನ ಹಮಾಲರ ಪೂಜಿ.
ಮುಂಜಾನಿ ನಾಕಕ್ಕ ಹೊಳ್ಳಿ ಬರುವಾಗ
ಬಾಕ್ಸಿನ ಮ್ಯಾಲ ಕುಂತು
ಮಿರ್ಚಿ ಮಂಡಾಳ ತಿನ್ನಕೋತ
ಹಾಡಿದ್ದನ್ನ ಬ್ಯಾರೆ ಥರ ಹಾಡತಿದ್ದಳು.

ಮಣಕಾಲ ಕೆಸರಿನಾಗ, ಕಾಲುವಿ ನೀರಿನಾಗ
ಸಸಿ ಹಚ್ಚಕೋತ ಕಲಿತ ಪದ ಅವು.
ನಾಟಿ ಹಚ್ಚಾವರು ಹಿಂದಕ್ಕ ನಡೀತಾರ.
ಸ್ಟೇಜಿನ ಮ್ಯಾಲೂ ಹಂಗ ನಡೀತಿದ್ದಳು,
ವೈರು ಬಿಡಿಸಕೋತ ನಾ ಹಿಂದಿಂದ.

ಮುಂದ ಫೋನಿನಾಗ ಬಂದಳು,
ಮುಂದ ಪೋಸ್ಟರಿನಾಗ.
ಹುಸೇನಮ್ಮ ಅನ್ನೂದು ಬೋರ್ಡಿಗೆ ಹಿಡಸಲಿಲ್ಲಂತ,
‘ನವನಟಿ ಹಂಸಿನಿ’ ಅಂತ ಬರದರು.
ಬಸ್ ಸ್ಟ್ಯಾಂಡಿನ ಗ್ವಾಡಿ ನೋಡಿ ಅವರವ್ವ
‘ನಮ್ಮಾಕಿ ಇಷ್ಟು ಬೆಳ್ಳಗ ಯಾವಾಗಾದಳೋ’
ಅಂತ ನನ್ನ ಕೇಳಿದಳು.
ಲೈಟಿನ ಕೆಲಸ ನಂದಲ್ಲವ್ವ ಅಂದೆ.

ಸಿನಿಮಾಕ್ಕಿಂತ ಮೊದಲ ಹಾಡು ಬಂದುವು, ಐದು.
ರಾತ್ರಿ ಅಂಗಡಿ ಬಾಗಲಾ ಹಾಕಿ
ದೊಡ್ಡ ಬಾಕ್ಸಿಗೆ ಹಚ್ಚಿ ಒಬ್ಬನ ಕುಂತೆ.
ಪಿಟೀಲು ಇತ್ತು, ನದಿಯ ಸಪ್ಪಳ ಇತ್ತು,
ಎಲ್ಲಿಯದೋ ಒಂದು ನವಿಲು ಸೈತ ಕೂಗಿತು.
ದನಿ ಅಕೀದ, ತಪ್ಪಿಲ್ಲ.
ಆದರ ಎರಡನೇ ಸಾಲು ಮುಗಿದಾಗ
ಮೂರನೇದು ಹಂಗ ಬಂತು,
ಮೂರರ ಬೆನ್ನಿಗೆ ನಾಕು.
ಇಷ್ಟುದ್ದ ಹಾಡಿ ಒಬ್ಬಾಕಿ ಬದುಕಿರಾಕ ಆಗತೈತೇನು!
ನನ್ನ ಎದಿ ಬಿಗಿಯಾಗಿ
ಎದ್ದು ಬಾಗಲಾ ತಗದೆ.

ಫೋನ್ ಮಾಡಿದಳು. ನಕ್ಕಳು.
‘ಒಬ್ಬ ಹುಡುಗ ಕಂಪ್ಯೂಟರಿನಾಗ ಕುಂತು
ಆರಿಸಿ ತಗದ ಗ್ಯಾನಪ್ಪಾ,
ಅಕ್ಕಿಯಾಗಿನ ಹರಳು ತಗದಂಗ.
ಮ್ಯಾಲಿನ ಸಾಲು ಸೋಮವಾರ ಹಾಡೀನಿ,
ಕೆಳಗಿಂದು ಗುರುವಾರ.
ಅದರ ಮುಂದ ನಿಂತು ತುಟಿ ಅಲ್ಲಾಡಸಬೇಕು,
ಹದಿಮೂರು ಸಲ ತಪ್ಪಿದೆ.
ಹಾಡಿದ್ದನ್ನ ಹಂಗ ಇನ್ನೊಮ್ಮಿ
ಯಾವತ್ತರ ಹಾಡೀನೇನು ನಾನು?’

ಮೊದಲ ದಿನ ಕ್ಯಾಂಪಿನವರು ಟ್ರ್ಯಾಕ್ಟರಿನಾಗ ಬಂದರು.
ಹೆಸರು ಬಿದ್ದಾಗ ಪೇಪರಿನ ಚೂರು,
ಸೀಟಿ, ಚಿಲ್ಲರಿ ರೊಕ್ಕ.
ಮೂರನೇ ಹಾಡಿಗೆ ಗದ್ದಿ ಬಂತು.
ರೇಷ್ಮಿ ಸೀರಿ ಮ್ಯಾಲಕ್ಕ ಕಟ್ಟಿ
ಕ್ಯಾಮೆರಾದ ಕಡೆ ನಕ್ಕೋತ
ಮುಂದಕ್ಕ ನಡದು ನಾಟಿ ಹಚ್ಚಿದಳು.
‘ಏ, ಹಚ್ಚಿದ್ದು ತುಳೀತಾಳಲ್ಲೇ!’
ಹೆಣ್ಮಕ್ಕಳ ಸಾಲಿನಾಗ ಒಬ್ಬಾಕಿ ಅಂದಳು.
ಟಾಕೀಸು ನಕ್ಕೂ ನಕ್ಕಿತು.
ನಾ ನಗಲಿಲ್ಲ ಅಂದರ ಸುಳ್ಳು.
ಆಮ್ಯಾಲ ಆ ಸಸಿ ನೆನಪಾತು.

ಹದಿನಾರು ದಿನ ಓಡಿತು.
ಬಿತ್ತು ಅನ್ನಾಕ ಬರಂಗಿಲ್ಲ,
ಎದ್ದಿತು ಅನ್ನಾಕೂ.
ಇನ್ನೊಂದು ಸಿನಿಮಾ ಅಂತಾರ, ಮಾತುಕತಿ ನಡದೈತಂತ.
ಅಕಿ ಕೂಡೂ ಸ್ಟೂಲು
ನನ್ನ ಟಂಟಂದಾಗ ಹಂಗ ಐತಿ,
ಅದರ ಮ್ಯಾಲ ಈಗ ಬ್ಯಾಟರಿ ಇಡತೀನಿ.

ಹೋದ ವಾರ ಜವಳಗೇರಿಯ ಮದುವಿ.
ಹುಡುಗರು ಪೆನ್‌ಡ್ರೈವ್ ಕೊಟ್ಟು
ನಾಕನೇ ಹಾಡು ಹಚ್ಚು ಅಂದರು.
ಹಚ್ಚಿದೆ. ಕುಣದರು.
ಎರಡನೇ ಸಾಲಿನ ಕೊನಿಗೆ
ನನ್ನ ಕೈ ತನ್ನಷ್ಟಕ್ಕ ತಾನ
ಗುಂಡಿ ಅರ್ಧ ಇಳಿಸಿ
ಕಾಯಕೋತ ನಿಂತಿತು.
ಮೂರನೇ ಸಾಲು ಸಣ್ಣ ದನಿಯಾಗ ಹೊಂಟುಹೋತು.

‘ಏ ಗ್ಯಾನಪ್ಪ, ಸೌಂಡ್ ಯಾಕ ಇಳಿಸಿದೆಲೇ?’
ಹಂದರದ ತುಂಬ ಒದರಿದರು.

ವೈರು ಸಡ್ಲ ಆಗೈತ್ರೀ, ಅಂದೆ.